ಗೆಳೆಯನ ಸ್ಪೋರ್ಟ್ಸ್ ಕಾರು ಕೈಗೆ ಬಂದ ದಿನ

ಗೆಳೆಯನೊಬ್ಬ ಪೋರ್ಷೆ 911 ಕೊಂಡು, ‘ಭಾನುವಾರ ಬೆಳಿಗ್ಗೆ ಬಾರೋ, ನೀನೂ ಒಂದು ರೌಂಡ್ ಓಡಿಸು’ ಎಂದು ಕರೆದಾಗ ಬೇಡವೆನ್ನುವವರು ಕಡಿಮೆ. ಹಾಗೆ ಹೊರಡುವ ಮುನ್ನ ಏನೇನು ವಿಚಾರಿಸಿಕೊಳ್ಳಬೇಕು, ಸೀಟಿನಲ್ಲಿ ಕುಳಿತ ಮೇಲೆ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಮಾಡಲೇಬಾರದು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಪ್ಪತ್ತು ವರ್ಷದಿಂದ ಕಾರು ಓಡಿಸುತ್ತಿರುವವರಿಗೂ ಇದು ಬೇಕಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಆ ಇಪ್ಪತ್ತು ವರ್ಷದ ಅನುಭವವೆಲ್ಲ ಬೇರೆ ಬಗೆಯ ಕಾರಿನದು.

ಎಷ್ಟು ಬೇರೆ ಎಂಬುದಕ್ಕೆ ಕೆಲವು ಅಂಕಿಗಳನ್ನು ನೋಡಿ. 2019ರಲ್ಲಿ ಬಂದ ಪೀಳಿಗೆಯ 911ರ ಆರಂಭಿಕ ಮಾದರಿಯಾದ ಕರೆರಾದಲ್ಲಿ, ಒಳಕ್ಕೆ ಹೆಚ್ಚು ಗಾಳಿ ತಳ್ಳುವ ಎರಡು ಟರ್ಬೊಗಳಿರುವ ಮೂರು ಲೀಟರಿನ ಆರು ಸಿಲಿಂಡರ್ ಎಂಜಿನ್ ಇದ್ದು, ಅದು 385 ಅಶ್ವಶಕ್ತಿ ಕೊಡುತ್ತದೆ. ನಮ್ಮ ಬೀದಿಗಳಲ್ಲಿ ಓಡಾಡುವ ಸ್ವಿಫ್ಟ್‌ನಂಥ ಕಾರಿನ ಶಕ್ತಿ ಎಂಬತ್ತರಿಂದ ತೊಂಬತ್ತರ ಆಸುಪಾಸಿನಲ್ಲಿರುತ್ತದೆ. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಲು ಆ ಕರೆರಾಗೆ ಬೇಕಾಗುವುದು 4.2 ಸೆಕೆಂಡ್, ಅಷ್ಟರಲ್ಲಿ ಅದು ಕ್ರಮಿಸುವ ದೂರ ಸುಮಾರು ಅರವತ್ತು ಮೀಟರ್. ಅಂದರೆ ಮನೆಯ ಗೇಟಿನಿಂದ ನಾಲ್ಕೈದು ಮನೆಗಳಾಚೆಯ ತಿರುವು ಬರುವಷ್ಟರಲ್ಲಿ ಹೆದ್ದಾರಿಯ ವೇಗ ಬಂದಿರುತ್ತದೆ. ನಮ್ಮ ಕಾಲಿಗೂ ಕಣ್ಣಿಗೂ ಅಂಥ ಅಳತೆಯ ಅಭ್ಯಾಸವಿಲ್ಲ. ಸಾಮಾನ್ಯ ಕಾರಿನಲ್ಲಿ ಆಕ್ಸಿಲರೇಟರನ್ನು ಅರ್ಧ ಒತ್ತಿದಾಗ ಏನಾಗುತ್ತದೆಂದು ಕಾಲು ಕಲಿತುಕೊಂಡಿದೆಯೋ, ಅದನ್ನು ಈ ಕಾರಿನಲ್ಲಿ ಮೊದಲಿನಿಂದ ಕಲಿಯಬೇಕಾಗುತ್ತದೆ.

ಶೋರೂಮಿನ ಟೆಸ್ಟ್ ಡ್ರೈವ್‌ಗೂ ಇದಕ್ಕೂ ಇರುವ ವ್ಯತ್ಯಾಸವನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಅಲ್ಲಿನ ಕಾರು ಕಂಪನಿಯದು, ಪಕ್ಕದಲ್ಲಿ ಕೂರುವವರಿಗೆ ಅದು ದಿನನಿತ್ಯದ ಕೆಲಸ. ಇಲ್ಲಿ ನಿಮ್ಮ ಪಕ್ಕದಲ್ಲಿ ಕುಳಿತವನು ಎಷ್ಟೋ ವರ್ಷ ಆಸೆಪಟ್ಟು, ಹಣ ಕೂಡಿಸಿ, ಮನೆಯವರನ್ನು ಒಪ್ಪಿಸಿ ಕೊಂಡ ವಸ್ತುವನ್ನು ನಿಮ್ಮ ಕೈಗೆ ಕೊಟ್ಟಿದ್ದಾನೆ. ಏನಾದರೂ ಆದರೆ ಅವನು ಬಾಯಿಬಿಟ್ಟು ಕೇಳಲಾರ, ನೀವೂ ಸುಮ್ಮನಿರಲಾರಿರಿ. ಆದ್ದರಿಂದ ಕಾಗದಪತ್ರ ಮತ್ತು ಹಣದ ಮಾತನ್ನು ಸಂಕೋಚವಿಲ್ಲದೆ ಹಿಂದಿನ ದಿನವೇ ಆಡಿಬಿಡುವುದು ಒಳ್ಳೆಯದು.

ಹಿಂದಿನ ದಿನ ಆಡಬೇಕಾದ ಮಾತು

ಮೊದಲನೆಯದು ನಿಮ್ಮ ಚಾಲನಾ ಪರವಾನಗಿ. ಅವಧಿ ಮುಗಿದಿರುವ ಡಿಎಲ್ ಜೇಬಿನಲ್ಲಿಟ್ಟುಕೊಂಡು ಓಡಾಡುವವರು ನಮ್ಮಲ್ಲಿ ಕಡಿಮೆಯೇನಿಲ್ಲ, ಹಾಗಾಗಿ ದಿನಾಂಕವನ್ನು ಒಮ್ಮೆ ಓದಿ ನೋಡಿ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದವರು ಓಡಿಸಿದರೆ ಓಡಿಸಿದವರಿಗೆ ಮಾತ್ರವಲ್ಲದೆ, ಓಡಿಸಲು ಬಿಟ್ಟ ಮಾಲೀಕನಿಗೂ ಶಿಕ್ಷೆಯಿದೆ. ಅದಕ್ಕಿಂತ ದೊಡ್ಡ ಪೆಟ್ಟು ವಿಮೆಯ ಕಡೆಯಿಂದ ಬೀಳುತ್ತದೆ. ಖಾಸಗಿ ಕಾರಿನ ಸಮಗ್ರ ವಿಮೆಯು ಸಾಮಾನ್ಯವಾಗಿ ಮಾಲೀಕನ ಒಪ್ಪಿಗೆಯಿಂದ ಓಡಿಸುವ ಬೇರೆಯವರಿಗೂ ಅನ್ವಯಿಸುತ್ತದೆ, ಆದರೆ ಆ ಹೊತ್ತಿಗೆ ಅವರ ಪರವಾನಗಿ ಚಾಲ್ತಿಯಲ್ಲಿರಬೇಕು. ಅದಿಲ್ಲದಿದ್ದರೆ ಕಂಪನಿ ಕ್ಲೇಮನ್ನು ತಿರಸ್ಕರಿಸಲು ಕಾರಣ ಸಿಕ್ಕಂತಾಗುತ್ತದೆ.

ವಿಮಾ ಪತ್ರವನ್ನು ಗೆಳೆಯನೊಂದಿಗೆ ಕುಳಿತು ಓದುವುದಕ್ಕೆ ಹತ್ತು ನಿಮಿಷ ಸಾಕು. ಅದರಲ್ಲಿ ವಾಹನದ ಬಳಕೆಗೆ ಹಾಕಿರುವ ಮಿತಿಗಳ ಪಟ್ಟಿಯೊಂದು ಇರುತ್ತದೆ, ಸಂಘಟಿತ ರೇಸ್ ಮತ್ತು ವೇಗ ಪರೀಕ್ಷೆಯಂಥ ಬಳಕೆಗಳಿಗೆ ವಿಮೆ ಅನ್ವಯಿಸುವುದಿಲ್ಲವೆಂದು ಅದರಲ್ಲಿ ಬರೆದಿರುತ್ತದೆ. ಓಡಿಸಿ ನೋಡುವುದು ಬೇರೆ, ಎಷ್ಟು ವೇಗ ಹೋಗುತ್ತದೆಂದು ಪರೀಕ್ಷಿಸುವುದು ಬೇರೆ ಎಂಬ ಗೆರೆಯನ್ನು ವಿಮಾ ಕಂಪನಿಯೇ ಎಳೆದಿಟ್ಟಿದೆ ಎಂದಾಯಿತು. ನೋ ಕ್ಲೇಮ್ ಬೋನಸ್‌ನ ಲೆಕ್ಕವೂ ನಿಮಗೆ ಗೊತ್ತಿರಲಿ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ ಶೇ. 20ರಿಂದ ಆರಂಭವಾಗಿ ಐದು ವರ್ಷಕ್ಕೆ ಶೇ. 50ರವರೆಗೆ ಏರುವ ಈ ರಿಯಾಯಿತಿ ಒಂದೇ ಒಂದು ಕ್ಲೇಮ್‌ನಿಂದ ಸೊನ್ನೆಗೆ ಇಳಿಯಬಹುದು. ಕೋಟಿ ದಾಟಿದ ಕಾರಿನ ಪ್ರೀಮಿಯಂ ಮೇಲೆ ಇದು ಸಣ್ಣ ಮೊತ್ತವಾಗಿರುವುದಿಲ್ಲ. ಆದ್ದರಿಂದ ‘ವಿಮೆ ಇದೆಯಲ್ಲ’ ಎಂದು ತಳ್ಳಿಬಿಡಬೇಡಿ. ಸಣ್ಣಪುಟ್ಟ ಗೀರು, ರಿಮ್ಮಿನ ಪೆಟ್ಟು, ಪಂಕ್ಚರ್ ಇವುಗಳ ಖರ್ಚು ನನ್ನದು, ದೊಡ್ಡದೇನಾದರೂ ಆದರೆ ವಿಮೆಯಿಂದ ಬಾರದ ಭಾಗವೂ ನನ್ನದು ಎಂದು ನೀವಾಗಿಯೇ ಹೇಳಿ. ಆ ಮೊತ್ತವನ್ನು ನೆನೆದು ಎದೆ ನಡುಗಿದರೆ ಪಕ್ಕದ ಸೀಟಿನಲ್ಲಿ ಕುಳಿತು ಬನ್ನಿ. ಅದರಲ್ಲಿ ಅವಮಾನವೇನೂ ಇಲ್ಲ, ಆ ಕಾರಿನ ಅರ್ಧ ಸುಖ ಅಲ್ಲಿಯೂ ಇದೆ.

ನೋಂದಣಿಯ ವಿಷಯವನ್ನೂ ಕೇಳಿಕೊಳ್ಳಿ. ಬೇರೆ ರಾಜ್ಯದ ನಂಬರಿನ ದುಬಾರಿ ಕಾರುಗಳು ಇಲ್ಲಿ ತೆರಿಗೆ ಕಟ್ಟದೆ ಓಡಾಡುತ್ತಿವೆಯೆಂದು 2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ಸಾರಿಗೆ ಅಧಿಕಾರಿಗಳು ಹತ್ತಾರು ಕಾರುಗಳನ್ನು ಜಪ್ತಿ ಮಾಡಿದ್ದರು. ಗೆಳೆಯನ ಕಾಗದಗಳು ಸರಿಯಾಗಿದ್ದರೂ ಇಂಥ ಕಾರನ್ನು ತಡೆದು ಕೇಳುವ ಸಂಭವ ಹೆಚ್ಚು, ಆದ್ದರಿಂದ ಆರ್‌ಸಿ, ವಿಮೆ, ಹೊಗೆ ತಪಾಸಣೆಯ ಪತ್ರ ಇವು ಡಿಜಿಲಾಕರ್‌ನಲ್ಲಾದರೂ ಕೈಗೆ ಸಿಗುವಂತಿರಲಿ.

ಹಿಂದಿನ ರಾತ್ರಿ ಪಾರ್ಟಿ ಇದ್ದರೆ ಕಾರ್ಯಕ್ರಮವನ್ನು ಮುಂದೂಡಿ. ಕಾಯ್ದೆ ಹೇಳುವ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್. ತಡರಾತ್ರಿಯವರೆಗೆ ಕುಡಿದವರು ಬೆಳಗಿನ ಆರು ಗಂಟೆಗೂ ಅದರೊಳಗೆ ಇರುತ್ತಾರೆಂಬ ಭರವಸೆಯಿಲ್ಲ, ಮಿತಿಯೊಳಗಿದ್ದರೂ ನಿದ್ದೆಗೆಟ್ಟ ಕಣ್ಣು ಈ ಕೆಲಸಕ್ಕೆ ಬಾರದು.

ಯಾವ ರಸ್ತೆ, ಯಾವ ಹೊತ್ತು

ಬೆಂಗಳೂರಿನವರಿಗೆ ನಾನು ಹೇಳುವುದು ಹೈದರಾಬಾದ್ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 44. ದೇವನಹಳ್ಳಿ ದಾಟಿ, ಚಿಕ್ಕಬಳ್ಳಾಪುರವನ್ನೂ ದಾಟಿ, ಪೇರೇಸಂದ್ರದ ಕಡೆಗೆ ಹೋದಂತೆ ವಾಹನಗಳು ವಿರಳವಾಗುತ್ತವೆ. ನಡುವೆ ಡಿವೈಡರ್ ಇರುವುದರಿಂದ ಎದುರಿನಿಂದ ಬರುವ ಲಾರಿಯ ಭಯ ಕಡಿಮೆ. ಭಾನುವಾರ ಬೆಳಗಾಗುತ್ತಿದ್ದಂತೆ ಹೊರಟು ಒಂಬತ್ತರೊಳಗೆ ಮರಳಿದರೆ ಬಿಸಿಲೂ ಜನಸಂದಣಿಯೂ ಏರುವ ಮೊದಲೇ ಕೆಲಸ ಮುಗಿಯುತ್ತದೆ. ನಂದಿ ಬೆಟ್ಟದ ತಿರುವುಗಳು ಎಷ್ಟೇ ಸೆಳೆದರೂ ಅಲ್ಲಿಗೆ ಬೇಡ. ವಾರಾಂತ್ಯದ ಮುಂಜಾನೆ ಸೂರ್ಯೋದಯ ನೋಡಲು ಬಂದವರ ಸಾಲು, ಸೈಕಲ್ ತುಳಿಯುವವರು, ಬೈಕ್ ನಿಲ್ಲಿಸಿಕೊಂಡು ಫೋಟೊ ತೆಗೆಯುವವರು ಎಲ್ಲರೂ ಆ ಇಕ್ಕಟ್ಟಿನ ರಸ್ತೆಯಲ್ಲೇ ಇರುತ್ತಾರೆ. ಮೈಸೂರು ಹೆದ್ದಾರಿಯ ಮುಖ್ಯ ಪಥಗಳಿಗೆ 2023ರ ಆಗಸ್ಟ್‌ನಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲದ್ದರಿಂದ ಅದೂ ಒಂದು ಆಯ್ಕೆಯೇ, ಆದರೆ ಅಲ್ಲಿ ಉದ್ದಕ್ಕೂ ವೇಗ ಹಿಡಿಯುವ ಕ್ಯಾಮೆರಾಗಳಿವೆ, ಮಿತಿ 100.

ಋತುವನ್ನೂ ಗಮನಿಸಬೇಕು. ನವೆಂಬರಿನಿಂದ ಜನವರಿಯವರೆಗೆ ನಂದಿಯ ಸುತ್ತಮುತ್ತ ಬೆಳಗಿನ ಮಂಜು ದಟ್ಟವಾಗಿರುತ್ತದೆ, ಮಂಜು ಹರಿಯುವವರೆಗೆ ಕಾಫಿ ಕುಡಿಯುತ್ತ ಕಾಯಬೇಕು. ಅದೇ ಕಾಲದಲ್ಲಿ ಒಳರಸ್ತೆಗಳಲ್ಲಿ ರಾಗಿ ಮತ್ತು ಹುರುಳಿಯ ಒಕ್ಕಣೆ ನಡೆಯುತ್ತಿರುತ್ತದೆ. ಹೆದ್ದಾರಿ ಬಿಟ್ಟು ಹಳ್ಳಿ ರಸ್ತೆಗೆ ಇಳಿಯುವವರು ಇದನ್ನು ಮರೆಯುವಂತಿಲ್ಲ. ರಸ್ತೆಯ ಮೇಲೆ ಹರಡಿದ ಹುರುಳಿ ಸೊಪ್ಪಿನ ಮೇಲೆ ಟೈರು ಜಾರುತ್ತದೆ, ಅದಕ್ಕಿಂತ ಹೆಚ್ಚಾಗಿ ಆ ಒಣ ಬಳ್ಳಿ ಕಾರಿನ ತಳಕ್ಕೆ ಸುತ್ತಿಕೊಂಡು ಕಾದ ಸೈಲೆನ್ಸರ್ ಕೊಳವೆಗೆ ತಾಗಿ ಬೆಂಕಿ ಹೊತ್ತಿಕೊಳ್ಳುತ್ತದೆ. ಸಾಮಾನ್ಯ ಕಾರುಗಳೇ ಹೀಗೆ ಸುಟ್ಟುಹೋದದ್ದುಂಟು. ನೆಲಕ್ಕೆ ಇಷ್ಟು ಹತ್ತಿರವಿರುವ ಕಾರಿನಲ್ಲಿ ಅಂಥ ರಸ್ತೆ ಕಂಡರೆ ಹಿಂದಿರುಗುವುದೊಂದೇ ದಾರಿ. ಒಕ್ಕಣೆ ಮಾಡುವವರ ಮೇಲೆ ರೇಗಬೇಡಿ, ಕಣವಿಲ್ಲದ ರೈತ ಬೇರೇನು ಮಾಡಿಯಾನು?

ಹೋಗುವಾಗ ಗೆಳೆಯನೇ ಓಡಿಸಲಿ. ಆ ಒಂದು ಗಂಟೆ ನೀವು ನೋಡಬೇಕಾದದ್ದು ಅವನ ಕೈಕಾಲುಗಳನ್ನು: ಯಾವ ಹಂಪ್ಸಿಗೆ ಎಷ್ಟು ನಿಧಾನವಾಗುತ್ತಾನೆ, ಮುಂದಿನ ವಾಹನಕ್ಕೆ ಎಷ್ಟು ಜಾಗ ಬಿಡುತ್ತಾನೆ, ಯಾವ ಗುಂಡಿಗೆ ಹೆದರುತ್ತಾನೆ ಎಂಬುದನ್ನು. ಅವನು ಹೆದರುವ ಕಡೆ ನೀವೂ ಹೆದರಬೇಕು.

ಸೀಟಿನಲ್ಲಿ ಕುಳಿತ ಮೇಲೆ

ನಿಲ್ಲಿಸಿದ ಕಾರಿನಲ್ಲಿ ಕನಿಷ್ಠ ಐದು ನಿಮಿಷ ಕಳೆಯಿರಿ. ಹಿಂದಿನ ಜೇಬಿನ ಕೀಲಿ, ಪರ್ಸುಗಳನ್ನು ಮೊದಲು ಹೊರಗೆ ತೆಗೆಯಿರಿ, ಇಲ್ಲದಿದ್ದರೆ ಚರ್ಮದ ಸೀಟಿನ ಮೇಲೆ ಗೀರು ಬೀಳುತ್ತದೆ. ಚಪ್ಪಲಿಯಾಗಲಿ ದಪ್ಪ ಅಟ್ಟೆಯ ಬೂಟಾಗಲಿ ಬೇಡ. ಪೆಡಲಿನ ಮೇಲಿನ ಒತ್ತಡ ಪಾದಕ್ಕೆ ತಿಳಿಯುವಂಥ ತೆಳು ಅಟ್ಟೆಯ ಶೂ ಇರಲಿ. ಬೆನ್ನು ಸೀಟಿಗೆ ಪೂರ್ತಿ ಒರಗಿರುವಾಗ ಬ್ರೇಕನ್ನು ತಳದವರೆಗೆ ಒತ್ತಿದರೂ ಮೊಣಕಾಲು ಸ್ವಲ್ಪ ಬಾಗಿರಬೇಕು, ತೋಳು ಚಾಚಿದಾಗ ಮಣಿಕಟ್ಟು ಸ್ಟೀರಿಂಗಿನ ಮೇಲಂಚಿಗೆ ತಾಗಬೇಕು. ಸೀಟಿನ ಈ ಸ್ಥಾನಗಳನ್ನು ನೆನಪಿಟ್ಟುಕೊಳ್ಳುವ ಬಟನ್ ಆ ಕಾರಿನಲ್ಲಿದ್ದರೆ ಗೆಳೆಯನ ಹೊಂದಿಕೆ ಉಳಿದಿದೆಯೇ ಎಂದು ಕೇಳಿಯೇ ಬದಲಾಯಿಸಿ.

ಕನ್ನಡಿಗಳನ್ನು ಹೊಂದಿಸುವಾಗ ಕಾರಿನ ಅಗಲ ಅರಿವಿಗೆ ಬರುತ್ತದೆ. ಸ್ವಿಫ್ಟ್‌ನ ಅಗಲ 1,735 ಮಿಲಿಮೀಟರ್, ಕರೆರಾದ್ದು 1,852. ಆ ನಾಲ್ಕೂವರೆ ಅಂಗುಲದ ಹೆಚ್ಚಳವೆಲ್ಲ ಟೋಲ್ ಗೇಟಿನ ಕಟ್ಟೆಗಳ ನಡುವೆ ನುಸುಳುವಾಗ ಲೆಕ್ಕಕ್ಕೆ ಬರುತ್ತದೆ. ಹಿಂದಿನ ಚಕ್ರಗಳ ಮೇಲಿನ ಉಬ್ಬು ಪಕ್ಕದ ಕನ್ನಡಿಯಲ್ಲಿ ಚೆನ್ನಾಗಿ ಕಾಣುತ್ತದೆ, ಕಾರಿನ ಅತ್ಯಂತ ಅಗಲದ ಭಾಗ ಅದೇ. ಅಲ್ಲಿಯ ರಿಮ್ಮು 20 ಇಂಚಿನದು, ಮುಂದಿನದು 19, ಅದರ ಸುತ್ತ ಇರುವ ರಬ್ಬರಿನ ಗೋಡೆಯ ಎತ್ತರ ಒಂಬತ್ತು ಹತ್ತು ಸೆಂಟಿಮೀಟರ್ ಮಾತ್ರ. ಚೂಪು ಅಂಚಿನ ಗುಂಡಿಗೆ ಬಿದ್ದರೆ ಪೆಟ್ಟು ನೇರವಾಗಿ ಲೋಹಕ್ಕೆ. ಡಿಕ್ಕಿಯಲ್ಲಿ ಸ್ಟೆಪ್ನಿ ಇರುವುದಿಲ್ಲ, ಪಂಕ್ಚರ್ ಮುಚ್ಚುವ ದ್ರಾವಣ ಮತ್ತು ಗಾಳಿ ತುಂಬುವ ಸಣ್ಣ ಯಂತ್ರ ಇರುತ್ತವೆ. ಅವು ಎಲ್ಲಿವೆ ಎಂದು ಕೇಳಿಟ್ಟುಕೊಳ್ಳಿ. ಡಿಕ್ಕಿ ಇರುವುದೇ ಮುಂಭಾಗದಲ್ಲಿ!

ಗೇರಿನ ಸಣ್ಣ ಹಿಡಿಕೆ, ಅದರ ಬಳಿಯ ಪಾರ್ಕಿಂಗ್ ಬಟನ್, ಸ್ಟೀರಿಂಗಿನ ಹಿಂದೆ ಗೇರು ಬದಲಿಸಲು ಇರುವ ಎರಡು ಪ್ಯಾಡಲ್, ವೈಪರ್, ಹಾರ್ನ್ ಇವನ್ನೆಲ್ಲ ಒಮ್ಮೆ ಮುಟ್ಟಿ ನೋಡಿ. ಡ್ರೈವಿಂಗ್ ಮೋಡ್ ‘ನಾರ್ಮಲ್’ನಲ್ಲಿರಲಿ. ಸ್ಪೋರ್ಟ್ ಮೋಡಿನಲ್ಲಿ ಅದೇ ಕಾಲೊತ್ತಿಗೆ ಕಾರು ಹೆಚ್ಚು ಬಿರುಸಾಗಿ ನುಗ್ಗುವುದರಿಂದ, ಮೊದಲ ದಿನ ನಿಮ್ಮ ಕಾಲು ಕಲಿಯಬೇಕಾದ ಪಾಠ ಕಲಸುಮೇಲೋಗರವಾಗುತ್ತದೆ. ರಸ್ತೆ ಒದ್ದೆಯಿದ್ದರೆ ‘ವೆಟ್’ ಮೋಡ್ ಹಾಕಿ. ಈ ಪೀಳಿಗೆಯ 911ರಲ್ಲಿ ಮುಂದಿನ ಚಕ್ರದ ಗೂಡಿನಲ್ಲಿರುವ ಸಂವೇದಕಗಳು ಸಿಡಿಯುವ ನೀರಿನ ಸದ್ದನ್ನು ಕೇಳಿಸಿಕೊಂಡು ಆ ಮೋಡ್ ಹಾಕುವಂತೆ ತಾವೇ ಎಚ್ಚರಿಸುತ್ತವೆ. ಕಾರು ಹಳಿ ತಪ್ಪದಂತೆ ಹಿಡಿಯುವ ಸ್ಟೆಬಿಲಿಟಿ ಕಂಟ್ರೋಲನ್ನು ಆಫ್ ಮಾಡುವ ಬಟನ್ ಎಲ್ಲಿದೆಯೆಂದು ತಿಳಿದುಕೊಳ್ಳಿ, ಅರಿಯದೆ ಅದರ ಮೇಲೆ ಬೆರಳು ಬೀಳದಿರಲಿ ಎಂಬುದಕ್ಕಾಗಿ.

ನೆಲಕ್ಕೆ ತಾಗುವ ಮೂತಿ

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಮೊದಲ ಸಲ ಗೆಳೆಯನ ಕಾರನ್ನು ಓಡಿಸಿಕೊಂಡು ಬಂದು, ಹೆದ್ದಾರಿಯಲ್ಲೆಲ್ಲ ಎಚ್ಚರವಾಗಿದ್ದವನು, ಅವನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿಯುವಾಗ ಮೈಮರೆತೆ. ಇಳಿಜಾರು ಮುಗಿದು ಸಮತಟ್ಟು ನೆಲ ಸೇರುವ ಗೆರೆಯಲ್ಲಿ ಕಾರಿನ ಕೆಳಗಿನಿಂದ ತೆಂಗಿನಕಾಯಿ ತುರಿದಂತೆ ಒಂದು ಸದ್ದು ಬಂತು, ಒಂದು ಸೆಕೆಂಡಿಗಿಂತ ಹೆಚ್ಚಿರಲಿಲ್ಲ. ಗೆಳೆಯ ಏನೂ ಹೇಳದೆ ಇಳಿದು, ಭಾನುವಾರಕ್ಕೆಂದು ಹಾಕಿದ್ದ ಬಿಳಿ ಅಂಗಿಯಲ್ಲೇ ಸಿಮೆಂಟಿನ ನೆಲದ ಮೇಲೆ ಅಂಗಾತ ಮಲಗಿ, ಮೊಬೈಲಿನ ಬೆಳಕು ಹಿಡಿದು ಬಂಪರಿನ ಕೆಳಗೆ ಬೆರಳಾಡಿಸಿದ. ಕಪ್ಪು ಪ್ಲಾಸ್ಟಿಕ್ಕಿನ ಅಂಚಿನಲ್ಲಿ ಗೇಣುದ್ದ ಬೂದಿ ಬಣ್ಣದ ಗೀರು ಮೂಡಿತ್ತು. ‘ಪರವಾಗಿಲ್ಲ ಬಿಡೋ’ ಎಂದ. ಅವನ ಮುಖ ನೋಡಲು ನನಗೆ ಆಗಲಿಲ್ಲ. ಆ ಅಂಚಿನ ಭಾಗವನ್ನು ನಾನೇ ಬದಲಾಯಿಸಿಕೊಟ್ಟೆ, ಆದರೂ ಆ ಸದ್ದು ಈಗಲೂ ಕಿವಿಯಲ್ಲಿದೆ.

ಆದ್ದರಿಂದ ಹಂಪ್ಸ್, ರ‍್ಯಾಂಪ್, ಪೆಟ್ರೋಲ್ ಬಂಕಿನ ಮುಂದಿನ ಚರಂಡಿಯ ಚಪ್ಪಡಿ ಇವೆಲ್ಲವನ್ನೂ ವೇಗದಷ್ಟೇ ಗಂಭೀರವಾಗಿ ತೆಗೆದುಕೊಳ್ಳಿ. ಇಂಡಿಯನ್ ರೋಡ್ ಕಾಂಗ್ರೆಸ್ಸಿನ ಮಾನದಂಡದಂತೆ ರಸ್ತೆಯುಬ್ಬು 3.7 ಮೀಟರ್ ಅಗಲವಿದ್ದು 10 ಸೆಂಟಿಮೀಟರ್ ಎತ್ತರವಿರಬೇಕು. ಹಾಗೆ ಕಟ್ಟಿದ ಉಬ್ಬನ್ನು ಈ ಕಾರು ನಿಧಾನವಾಗಿ ದಾಟುತ್ತದೆ. ನಮ್ಮ ಬಡಾವಣೆಗಳಲ್ಲಿರುವುದು ಹೆಚ್ಚಾಗಿ ಅದೇ 10 ಸೆಂಟಿಮೀಟರ್ ಎತ್ತರವನ್ನು ಒಂದೂವರೆ ಅಡಿ ಅಗಲದಲ್ಲೇ ಏರಿಸಿದ ದಿಮ್ಮಿಗಳು. ಕೆಲವು ಕಾರುಗಳಲ್ಲಿ ಮುಂಭಾಗವನ್ನು ಸುಮಾರು 40 ಮಿಲಿಮೀಟರ್ ಎತ್ತುವ ವ್ಯವಸ್ಥೆ ಇರುತ್ತದೆ. ಅದನ್ನು ಉಬ್ಬಿನ ಮೇಲೆ ಬಂದಾಗ ಒತ್ತಿದರೆ ಪ್ರಯೋಜನವಿಲ್ಲ, ಇಪ್ಪತ್ತು ಮೂವತ್ತು ಮೀಟರ್ ಮೊದಲೇ ಒತ್ತಿ, ಮೂತಿ ಮೇಲೇರಿದ್ದನ್ನು ಖಚಿತಪಡಿಸಿಕೊಂಡು ನಡಿಗೆಯ ವೇಗದಲ್ಲಿ ದಾಟಬೇಕು. ಆ ವ್ಯವಸ್ಥೆ ಇಲ್ಲದಿದ್ದರೆ, ಹಿಂದೆಮುಂದೆ ಯಾರೂ ಇಲ್ಲದಾಗ ಓರೆಯಾಗಿ ಒಂದೊಂದೇ ಚಕ್ರವನ್ನು ಹತ್ತಿಸಬಹುದು. ಅನುಮಾನ ಬಂದರೆ ಗೆಳೆಯನನ್ನು ಇಳಿಸಿ ಬಗ್ಗಿ ನೋಡಲು ಹೇಳಿ, ಹಿಂದಿನವರು ಹಾರ್ನ್ ಹೊಡೆದುಕೊಳ್ಳಲಿ.

ಎಣ್ಣೆ ಕಾಯಲಿ, ಆಮೇಲೆ ಬ್ರೇಕ್

ಹೊರಟ ಮೊದಲ ಹದಿನೈದು ಇಪ್ಪತ್ತು ನಿಮಿಷ ಎಂಜಿನ್ ಆಯಿಲ್‌ನ ಉಷ್ಣತೆಯತ್ತ ಕಣ್ಣಿಡಿ. ಎಂಜಿನ್ನನ್ನು ತಣಿಸುವ ದ್ರವವಾದ ಕೂಲಂಟ್ ಬೇಗ ಕಾಯುತ್ತದೆ, ಆಯಿಲ್ ನಿಧಾನ. ಅದು 80–90 ಡಿಗ್ರಿ ಮುಟ್ಟುವವರೆಗೆ ಎಂಜಿನ್ನನ್ನು ನಿಮಿಷಕ್ಕೆ ಮೂರು ಸಾವಿರ ಸುತ್ತುಗಳ ಆಸುಪಾಸಿನಲ್ಲೇ ಇಡುವುದು ಗೆಳೆಯನ ಎಂಜಿನ್ನಿಗೆ ನೀವು ತೋರುವ ಮರ್ಯಾದೆ. ತಣ್ಣಗಿರುವಾಗ ಎಣ್ಣೆ ಗಟ್ಟಿಯಾಗಿದ್ದು ಬೇರಿಂಗು, ಟರ್ಬೊಗಳನ್ನು ಅದು ಸರಿಯಾಗಿ ತಲುಪಿರುವುದಿಲ್ಲ. ಟೈರುಗಳಿಗೂ ಇದೇ ಮಾತು. ಬೆಳಗಿನ ತಂಪಿನಲ್ಲಿ ಅಗಲವಾದ ಸ್ಪೋರ್ಟ್ಸ್ ಟೈರಿನ ರಬ್ಬರು ಬಿರುಸಾಗಿದ್ದು ಹಿಡಿತ ಕಡಿಮೆ ಇರುತ್ತದೆ, ಕೆಲವು ಕಿಲೋಮೀಟರ್ ಉರುಳಿದ ಮೇಲೆಯೇ ಅದು ರಸ್ತೆಯನ್ನು ಕಚ್ಚುತ್ತದೆ.

ಎಲ್ಲವೂ ಕಾದ ಮೇಲೆ ನೀವು ಮಾಡಬೇಕಾದ ಮೊದಲ ಪರೀಕ್ಷೆ ಬ್ರೇಕಿನದು. ‘ಮೊದಲು ನಿಲ್ಲಿಸೋದು ಕಲಿ ಕಣೋ, ಓಡಿಸೋದು ಅದೇ ಬರುತ್ತೆ’ ಎಂದು ನನ್ನ ಗೆಳೆಯ ಹೇಳಿದ್ದ, ಇಷ್ಟು ಸರಿಯಾದ ಮಾತನ್ನು ಈ ವಿಷಯದಲ್ಲಿ ನಾನು ಬೇರೆ ಕೇಳಿಲ್ಲ. ಹಿಂದೆ ಅರ್ಧ ಕಿಲೋಮೀಟರ್‌ವರೆಗೆ ಯಾರೂ ಇಲ್ಲದ ನೇರ ಒಣ ರಸ್ತೆಯಲ್ಲಿ, ಗೆಳೆಯನಿಗೆ ಹೇಳಿ, ಗಂಟೆಗೆ 60ರಿಂದ ಗಟ್ಟಿಯಾಗಿ ಬ್ರೇಕ್ ಒತ್ತಿ. ಎದೆ ಬೆಲ್ಟಿಗೆ ಒತ್ತಿಕೊಳ್ಳುತ್ತದೆ, ನೀವು ಎಣಿಸಿದ ಅರ್ಧ ದೂರದಲ್ಲೇ ಕಾರು ನಿಂತುಬಿಡುತ್ತದೆ. ಪಾದದಡಿ ಪೆಡಲ್ ಗಡಗಡ ನಡುಗಿದರೆ ಅದು ಚಕ್ರಗಳು ಬಿಗಿದುಕೊಂಡು ಜಾರದಂತೆ ತಡೆಯುವ ಎಬಿಎಸ್‌ನ ಕೆಲಸ, ಗಾಬರಿಯಿಂದ ಕಾಲು ಸಡಿಲಿಸಬೇಡಿ. ಇದನ್ನೇ 80ರಿಂದ ಒಮ್ಮೆ ಮಾಡಿ. ಎರಡು ಸಲಕ್ಕಿಂತ ಹೆಚ್ಚು ಬೇಡ.

ಈ ಪರೀಕ್ಷೆಯಲ್ಲಿ ಇನ್ನೊಂದು ತಿಳಿವಳಿಕೆಯೂ ಸಿಗುತ್ತದೆ. ಇಂಥ ಕಾರು 100ರ ವೇಗದಿಂದ ಸುಮಾರು 35 ಮೀಟರಿನಲ್ಲಿ ನಿಲ್ಲಬಲ್ಲದು, ನಿಮ್ಮ ಬೆನ್ನಿಗಿರುವ ಲೋಡ್ ತುಂಬಿದ ಲಾರಿ ಅಷ್ಟು ದೂರದಲ್ಲಿ ಎಂದಿಗೂ ನಿಲ್ಲಲಾರದು. ಎದುರಿಗೆ ಏನೋ ಅಡ್ಡ ಬಂದಾಗ ನೀವು ನಿಂತು ಬದುಕಿದರೂ ಹಿಂದಿನವರು ಬಂದು ಗುದ್ದಬಹುದು. ಹಾಗಾಗಿ ಮುಂದೆ ಧಾರಾಳವಾಗಿ ಜಾಗ ಬಿಟ್ಟು, ನಿಧಾನವಾಗಿ ನಿಲ್ಲುವ ಅಭ್ಯಾಸವನ್ನೇ ಇಟ್ಟುಕೊಳ್ಳಿ, ಗಟ್ಟಿ ಬ್ರೇಕ್ ತುರ್ತಿಗೆ ಮೀಸಲಾಗಿರಲಿ.

ಪಿಕಪ್ಪಿನ ಸುಖ

ಈಗ ಆಕ್ಸಿಲರೇಟರ್. ಗಂಟೆಗೆ 40ರಲ್ಲಿ ಸಾಗುತ್ತಿರುವಾಗ, ರಸ್ತೆ ಖಾಲಿಯಿದ್ದರೆ, ಪೆಡಲನ್ನು ಮೂರನೇ ಒಂದು ಭಾಗ ಮಾತ್ರ ಒತ್ತಿ ಏನಾಗುತ್ತದೆಂದು ನೋಡಿ. ನಂತರ ಅರ್ಧ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿದಾಗ ಕಾರಿನ ಸ್ವಭಾವ ಕಾಲಿಗೆ ತಿಳಿಯುತ್ತದೆ. ಪೂರ್ತಿ ಒತ್ತುವುದಾದರೆ ಒಂದೇ ಸಲ, ನೇರ ರಸ್ತೆಯಲ್ಲಿ, ಸ್ಟೀರಿಂಗ್ ನೆಟ್ಟಗಿರುವಾಗ, ಮತ್ತು 80 ಮುಟ್ಟುತ್ತಿದ್ದಂತೆ ಕಾಲು ತೆಗೆಯುವ ನಿರ್ಧಾರ ಮಾಡಿಕೊಂಡು. ಬೆನ್ನ ಹಿಂದೆ ಎಂಜಿನ್ನಿನ ಗುಡುಗು ಏರುತ್ತ, ಸೀಟು ಬೆನ್ನನ್ನು ಅಂಗೈಯಿಂದ ತಳ್ಳಿದಂತೆ ತಳ್ಳುತ್ತ, ಗೇರುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಬದಲಾಗುವ ಆ ಎರಡು ಮೂರು ಸೆಕೆಂಡುಗಳು ಮನುಷ್ಯನ ಕೈಕೆಲಸದ ಬಗ್ಗೆ ನಿಜವಾದ ಗೌರವವನ್ನು ಹುಟ್ಟಿಸುತ್ತವೆ. ಕಾನೂನಿನ ಮಿತಿಯೊಳಗೇ ಇಷ್ಟೆಲ್ಲ ಸಿಗುತ್ತದೆ. ವೇಗ ಏರುವ ರೀತಿಯಲ್ಲಿ ಈ ಕಾರಿನ ಸೊಗಸಿದೆಯೇ ಹೊರತು ಮೀಟರಿನ ಅಂಕಿಯಲ್ಲಿ ಅಲ್ಲವೆಂದು ನಾನು ಓಡಿಸಿಯೇ ತಿಳಿದದ್ದು.

ಚತುಷ್ಪಥ ಹೆದ್ದಾರಿಗೆ ಕೇಂದ್ರ ಸರ್ಕಾರ 2018ರಲ್ಲಿ ಕಾರುಗಳಿಗೆ ನಿಗದಿ ಮಾಡಿದ ಗರಿಷ್ಠ ಮಿತಿ 100, ಊರುಗಳ ಬಳಿ ಅದಕ್ಕಿಂತ ಕಡಿಮೆಯ ಫಲಕಗಳಿರುತ್ತವೆ. 100ರಲ್ಲಿ ಕಾರು ಒಂದು ಸೆಕೆಂಡಿಗೆ 28 ಮೀಟರ್ ಹೋಗುತ್ತದೆ. ಡಿವೈಡರಿನ ಸಂದಿಯಿಂದ ಹಾಲಿನ ಕ್ಯಾನ್ ಕಟ್ಟಿಕೊಂಡ ಮೊಪೆಡ್ ಇಳಿಯುವುದನ್ನು ಕಂಡು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಅಷ್ಟು ದೂರ ಕಳೆದಿರುತ್ತದೆ. ಆ ಮೊಪೆಡ್ಡಿನವರಿಗೆ ದೂರದ ಕಾರೊಂದು ಕಾಣುತ್ತದೆ, ಅದು ಎಷ್ಟು ಬೇಗ ಹತ್ತಿರವಾಗುತ್ತದೆ ಎಂಬ ಅಂದಾಜು ಅವರಿಗೆ ಇರುವುದಿಲ್ಲ. ಅವರ ಅಂದಾಜಿಗೆ ತಕ್ಕಂತೆ ಓಡಿಸುವ ಹೊಣೆ ನಿಮ್ಮದು.

ಪಕ್ಕಕ್ಕೆ ಬಂದು ಎಕ್ಸಲರೇಟರ್ ತಿರುವಿ ಕೆಣಕುವ ಬೈಕಿನ ಹುಡುಗರು ಸಿಕ್ಕೇ ಸಿಗುತ್ತಾರೆ. ಎಡಕ್ಕೆ ಸರಿದು ಅವರನ್ನು ಮುಂದೆ ಹೋಗಲು ಬಿಡಿ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡುವುದೇ ಅಪರಾಧ. ನಿಂತಲ್ಲಿಂದ ಬಾಣದಂತೆ ಚಿಮ್ಮಿಸುವ ಲಾಂಚ್ ಕಂಟ್ರೋಲನ್ನು ಗೆಳೆಯನೇ ಒತ್ತಾಯಿಸಿದರೂ ಬೇಡವೆನ್ನಿ, ಅದು ಗೇರ್‌ಬಾಕ್ಸು ಮತ್ತು ಟೈರುಗಳ ಆಯುಷ್ಯವನ್ನು ತಿನ್ನುತ್ತದೆ. ಓಡಿಸುವವರು ವಿಡಿಯೊ ಮಾಡುವ ಮಾತೇ ಇಲ್ಲ.

ತಿರುವಿನಲ್ಲಿ ಕಾಲು ತೆಗೆಯಬೇಡಿ

911ಕ್ಕೆ ಅದರದೇ ಆದ ಒಂದು ಗುಣವಿದೆ. 1963ರಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಾಗಿನಿಂದ ಇಂದಿನವರೆಗೆ ಅದರ ಎಂಜಿನ್ ಹಿಂದಿನ ಚಕ್ರಗಳಿಗಿಂತಲೂ ಹಿಂದೆ ಇದೆ, ಕಾರಿನ ಭಾರದಲ್ಲಿ ಶೇ. 60ಕ್ಕೂ ಹೆಚ್ಚು ಹಿಂಭಾಗದ ಮೇಲಿದೆ. ನೇರವಾಗಿ ಚಿಮ್ಮುವಾಗ ಆ ಭಾರ ಹಿಂದಿನ ಟೈರುಗಳನ್ನು ನೆಲಕ್ಕೆ ಒತ್ತಿ ಹಿಡಿಯುವುದರಿಂದ ಅನುಕೂಲವೇ. ತಿರುವಿನ ನಡುವೆ, ವೇಗ ಹೆಚ್ಚಾಯಿತೆಂದು ಹೆದರಿ ಆಕ್ಸಿಲರೇಟರಿನಿಂದ ಥಟ್ಟನೆ ಕಾಲು ತೆಗೆದರೆ ಮಾತ್ರ ಭಾರ ಮುಂದಕ್ಕೆ ವಾಲಿ, ಹಿಂದಿನ ಟೈರುಗಳು ಹಗುರಾಗಿ, ಕೊಡಲಿಯನ್ನು ಹಿಡಿಯಿಂದ ಬೀಸಿದಂತೆ ಹಿಂಭಾಗ ಹೊರಕ್ಕೆ ಬೀಸುತ್ತದೆ. ಹಳೆಯ 911ಗಳಿಗೆ ಕೆಟ್ಟ ಹೆಸರು ಬಂದದ್ದೇ ಇದರಿಂದ. ಈಗಿನ ಕಾರುಗಳಲ್ಲಿ ಅಗಲವಾದ ಟೈರು ಮತ್ತು ಎಲೆಕ್ಟ್ರಾನಿಕ್ ನಿಯಂತ್ರಣ ಸೇರಿ ಬಹುಪಾಲು ಕಾಪಾಡುತ್ತವೆ, ಆದರೆ ಭೌತಶಾಸ್ತ್ರದ ನಿಯಮ ಬದಲಾಗಿಲ್ಲ.

ಉಪಾಯ ಸರಳ. ಕಡಿಮೆ ಮಾಡಬೇಕಾದ ವೇಗವನ್ನೆಲ್ಲ ತಿರುವಿಗೆ ಮೊದಲೇ, ಸ್ಟೀರಿಂಗ್ ನೆಟ್ಟಗಿರುವಾಗಲೇ ಕಡಿಮೆ ಮಾಡಿ. ತಿರುವಿನೊಳಗೆ ಪೆಡಲಿನ ಮೇಲೆ ಹಗುರವಾದ, ಒಂದೇ ಸಮನಾದ ಒತ್ತಡ ಇರಲಿ. ತಿರುವು ಬಿಚ್ಚಿಕೊಂಡು ದಾರಿ ಕಂಡ ಮೇಲೆ ಸ್ಟೀರಿಂಗನ್ನು ನೆಟ್ಟಗೆ ಮಾಡುತ್ತ ನಿಧಾನವಾಗಿ ಒತ್ತಡ ಹೆಚ್ಚಿಸಿ. ದೃಷ್ಟಿ ನೀವು ತಲುಪಬೇಕಾದ ಕಡೆಗೇ ಇರಲಿ, ಏಕೆಂದರೆ ಕೈ ಕಣ್ಣನ್ನೇ ಹಿಂಬಾಲಿಸುತ್ತದೆ. ಹೀಗೆ ಗಂಟೆಗೆ ಐವತ್ತರಲ್ಲಿ ಸಲೀಸಾಗಿ ತೆಗೆದ ಒಂದು ತಿರುವಿನಲ್ಲೇ, ಮುಂದಿನ ಚಕ್ರಗಳ ಕೆಳಗಿನ ಜಲ್ಲಿ ಬೆರಳ ತುದಿಗೆ ತಾಗುವಷ್ಟು ಸ್ಪಷ್ಟವಾಗಿ ಸ್ಟೀರಿಂಗ್ ಮಾತಾಡುವುದು ತಿಳಿಯುತ್ತದೆ.

ಇನ್ನೂ ವೇಗ ಬೇಕೆನ್ನುವವರಿಗೆ ರಸ್ತೆ ಸರಿಯಾದ ಜಾಗವಲ್ಲ. ಚೆನ್ನೈ ಬಳಿ ಇರುಂಗಾಟ್ಟುಕೋಟ್ಟೈನಲ್ಲಿ 3.7 ಕಿಲೋಮೀಟರಿನ ರೇಸ್ ಟ್ರ್ಯಾಕ್ ಇದೆ, ಕೊಯಮತ್ತೂರಿನ ಚೆಟ್ಟಿಪಾಳಯದಲ್ಲಿ ಕರಿ ಸ್ಪೀಡ್‌ವೇ ಇದೆ. ಗೆಳೆಯನ ಕಾರನ್ನು ಅಲ್ಲಿಗೆ ಒಯ್ಯುವ ಯೋಚನೆಯಿದ್ದರೆ ವಿಮೆಯ ಮಿತಿಗಳ ಪಟ್ಟಿಯನ್ನು ಮತ್ತೊಮ್ಮೆ ಓದಿ, ಹೋಗುವುದಾದರೆ ತರಬೇತುದಾರರ ಜೊತೆ ಹೋಗಿ.

ಕೀಲಿ ಮರಳಿಸುವಾಗ

ಕೊನೆಯ ನಾಲ್ಕೈದು ಕಿಲೋಮೀಟರ್ ನಿಧಾನವಾಗಿ ಓಡಿಸಿ, ಟರ್ಬೊ ಮತ್ತು ಬ್ರೇಕುಗಳು ಗಾಳಿಗೆ ತಣಿಯಲಿ. ದಾರಿಯಲ್ಲಿ ಪೆಟ್ರೋಲ್ ತುಂಬಿಸಿ. ಈ ಎಂಜಿನ್ನಿಗೆ ಹೆಚ್ಚಿನ ಆಕ್ಟೇನ್ ಬೇಕಾದ್ದರಿಂದ ಗೆಳೆಯ ಸಾಮಾನ್ಯವಾಗಿ ಹಾಕಿಸುವುದು 95ರದ್ದೋ 100ರದ್ದೋ ಎಂದು ಕೇಳಿಯೇ ಹಾಕಿಸಿ, ನೀವು ಸುಟ್ಟದ್ದಕ್ಕಿಂತ ಸ್ವಲ್ಪ ಹೆಚ್ಚೇ ಇರಲಿ. ಕಾರು ನಿಲ್ಲಿಸಿದ ಮೇಲೆ ಇಬ್ಬರೂ ಸೇರಿ ನಾಲ್ಕೂ ರಿಮ್ಮು, ಟೈರಿನ ಪಕ್ಕೆಗಳು, ಬಂಪರಿನ ಕೆಳಗಂಚು ಇವನ್ನು ಒಂದು ಸುತ್ತು ನೋಡಿ. ಎಲ್ಲಾದರೂ ‘ಟಕ್’ ಎಂಬ ಸದ್ದು ಕೇಳಿಸಿತ್ತೆಂದು ನಿಮಗೆ ಅನ್ನಿಸಿದ್ದರೆ, ಗುರುತು ಕಾಣದಿದ್ದರೂ ಹೇಳಿಬಿಡಿ. ಅವನು ಅದನ್ನು ಮುಂದಿನ ಸರ್ವಿಸಿನಲ್ಲಿ ತೋರಿಸಬಹುದು.

ಮೊಬೈಲಿನಲ್ಲಿ ಆ ವಾಹನದ ನಂಬರನ್ನು ಬರೆದಿಟ್ಟುಕೊಳ್ಳಿ. ಕ್ಯಾಮೆರಾದ ಚಲನ್‌ಗಳು ಕೆಲವು ದಿನ ತಡವಾಗಿ ಮಾಲೀಕನ ಹೆಸರಿಗೆ ಬರುತ್ತವೆ, ಗೆಳೆಯ ನಿಮಗೆ ಹೇಳದೆ ತಾನೇ ಕಟ್ಟಿಬಿಡುವ ಸಂಭವವೇ ಹೆಚ್ಚು. ಒಂದು ವಾರ, ನಂತರ ಇನ್ನೊಂದು ವಾರ ಬಿಟ್ಟು ಅವನಿಗೆ ಫೋನ್ ಮಾಡಿ, ಆ ಭಾನುವಾರದ ದಿನಾಂಕದ್ದು ಏನಾದರೂ ಬಂದಿದೆಯೇ ಎಂದು ಕೇಳಿ. ಬಂದಿದ್ದರೆ ಆ ಹಣವನ್ನು ಅಂದೇ ನೀವು ಕಟ್ಟಿ, ರಸೀದಿಯನ್ನು ಅವನಿಗೆ ಕಳುಹಿಸಿ.